ಅರ್ಥ ಆಮೇಲೆ ಹೊಲಿದದ್ದು: ಕ್ಯಾಥೋಲಿಕ್ ಸನ್ಯಾಸಿಗಳ ಉಡುಪಿನ ಕುರಿತು ಒಂದು ಮಾತು

(ಓದುಗರ ಬಳಗದ ತಿಂಗಳ ಸಭೆಯಲ್ಲಿ ಆಡಿದ ಮಾತಿನ ಬರಹ ರೂಪ. ಹೇಳಿದ್ದನ್ನೇ ಹೇಳಿದ್ದ ಕಡೆ ಕತ್ತರಿ ಹಾಕಿದ್ದೇನೆ. ನಡುವೆ ಬಂದ ಪ್ರಶ್ನೆಗಳಲ್ಲಿ ಒಂದೆರಡನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಈ ವಿಷಯ ಮಾತಾಡಲು ಇವನಿಗೇನು ಅಧಿಕಾರ ಎಂದು ನಿಮ್ಮಲ್ಲಿ ಕೆಲವರಿಗೆ ಅನ್ನಿಸಿರಬಹುದು. ನಾನು ಕ್ರೈಸ್ತನಲ್ಲ, ದೇವತಾಶಾಸ್ತ್ರ ಓದಿದವನೂ ಅಲ್ಲ. ಕಾಲೇಜಿನಲ್ಲಿ ಇತಿಹಾಸ ಪಾಠ ಹೇಳಿದವನು. ಅದಕ್ಕೂ ಮೊದಲು ಜವಳಿ ಅಂಗಡಿಯವನ ಮಗ. ಚಿಕ್ಕಮಗಳೂರಿನಲ್ಲಿದ್ದ ನಮ್ಮ ಅಂಗಡಿಗೆ ಕಾನ್ವೆಂಟಿನ ಸಿಸ್ಟರುಗಳು ವರ್ಷಕ್ಕೊಮ್ಮೆ, ಮಳೆ ಹಿಡಿಯುವ ಮುಂಚೆ, ಬರುತ್ತಿದ್ದರು. ಬೇರೆ ಗಿರಾಕಿಗಳು ಬಂದರೆ ಹತ್ತು ಥಾನು ಬಿಚ್ಚಿ ಹಾಸುತ್ತಿದ್ದ ಅಪ್ಪ, ಇವರು ಬಂದರೆ ಒಂದೇ ಒಂದು ಥಾನು ಇಳಿಸುತ್ತಿದ್ದರು. ಅದೇ ಬಿಳಿ, ಅದೇ ಅಗಲ, ಅದೇ ನೇಯ್ಗೆ. ಹಿರಿಯ ಸಿಸ್ಟರ್ ಕೈಚೀಲದಿಂದ ಹೋದ ವರ್ಷದ ತುಂಡೊಂದನ್ನು ತೆಗೆದು ಪಕ್ಕಕ್ಕಿಟ್ಟು ನೋಡುವರು, ಬೆರಳಲ್ಲಿ ಉಜ್ಜುವರು, ತಲೆಯಾಡಿಸುವರು. ಐದು ನಿಮಿಷದಲ್ಲಿ ವ್ಯಾಪಾರ ಮುಗಿಯುತ್ತಿತ್ತು. "ಇವರಿಗೆ ಬಣ್ಣ ಯಾಕೆ ಬೇಡ ಅಪ್ಪಾ?" ಎಂದು ಒಮ್ಮೆ ಕೇಳಿದ್ದೆ. "ಅವರಿಗೆ ಆರಿಸೋ ಕಷ್ಟ ಇಲ್ಲ ಕಣೋ" ಅಂದಿದ್ದರು.

ಅಪ್ಪನ ಮಾತು ತಪ್ಪಲ್ಲ. ಆದರೆ ಪೂರ್ತಿಯೂ ಅಲ್ಲ. ಆ ಬಟ್ಟೆಯನ್ನು ಯಾರೋ ಒಂದು ಕಾಲದಲ್ಲಿ ಆರಿಸಿಯೇ ಇದ್ದರು, ಅದಕ್ಕಾಗಿ ಜಗಳವನ್ನೂ ಆಡಿದ್ದರು. ನಾಲ್ಕು ಜನ ಪ್ರಾಣ ಬಿಟ್ಟದ್ದೂ ಉಂಟು, ಅದನ್ನು ಮುಂದೆ ಹೇಳುತ್ತೇನೆ. ಈ ಉಡುಪುಗಳ ಬಗ್ಗೆ ಧಾರ್ಮಿಕ ಪುಸ್ತಿಕೆಗಳನ್ನು ತೆರೆದರೆ ಒಂದು ಪಟ್ಟಿ ಸಿಗುತ್ತದೆ. ಹಗ್ಗದ ಮೂರು ಗಂಟು ಎಂದರೆ ಮೂರು ವ್ರತ, ಹೆಗಲ ಮೇಲಿನ ಪಟ್ಟಿ ಎಂದರೆ ಕ್ರಿಸ್ತನ ನೊಗ, ಬಿಳಿ ಎಂದರೆ ಪರಿಶುದ್ಧಿ, ಕಪ್ಪು ಎಂದರೆ ಲೋಕಕ್ಕೆ ಸತ್ತಂತೆ. ಎಲ್ಲವೂ ಸರಿ. ಆದರೆ ಜವಳಿಯವನ ಮಗನಿಗೆ ಬಟ್ಟೆಯೇ ಮೊದಲು ಕಾಣುತ್ತದೆ. ಅದು ಯಾವ ನೂಲು, ಎಲ್ಲಿ ಸಿಗುತ್ತಿತ್ತು, ಎಷ್ಟಕ್ಕೆ ಬರುತ್ತಿತ್ತು, ಅದೇ ಊರಿನಲ್ಲಿ ಮತ್ಯಾರು ಅದನ್ನು ತೊಡುತ್ತಿದ್ದರು? ಹೀಗೆ ಕೇಳುತ್ತಾ ಹೋದಾಗ ನನಗೆ ಕಂಡದ್ದು ಇಷ್ಟು: ಬಟ್ಟೆ ಮೊದಲು ಬಂತು, ಅರ್ಥವನ್ನು ಆಮೇಲೆ ಅದರ ಮೇಲೆ ಹೊಲಿದರು. ಹೊಲಿಗೆ ಗಟ್ಟಿಯಾಗಿಯೇ ಇದೆ, ಅದನ್ನು ಹಗುರ ಮಾಡುವ ಉದ್ದೇಶ ನನ್ನದಲ್ಲ.

ಒಂದು ಪದದ ವಿಚಾರ. ಇಂಗ್ಲಿಷಿನಲ್ಲಿ ಈ ಉಡುಪಿಗೆ ಹ್ಯಾಬಿಟ್ ಎನ್ನುತ್ತಾರೆ. ನಮ್ಮ ಮನೆಗಳಲ್ಲಿ ಹ್ಯಾಬಿಟ್ ಎಂದರೆ ಬೀಡಿ, ಎಲೆಅಡಿಕೆ. ಮೂಲದ ಲ್ಯಾಟಿನ್ ಪದ ಹಾಬಿತುಸ್. ಒಬ್ಬ ಮನುಷ್ಯ ಇರುವ ರೀತಿ, ಅವನಿಗೆ ಮೈಗೂಡಿದ ಗುಣ, ಅವನು ಮೈಮೇಲೆ ತೊಟ್ಟದ್ದು, ಮೂರಕ್ಕೂ ಅದೊಂದೇ ಮಾತು. "ಮೈಗೂಡು" ಎನ್ನುವಾಗ ಕನ್ನಡವೂ ಸುಮಾರು ಅದೇ ಜಾಗಕ್ಕೆ ಹೋಗಿ ನಿಲ್ಲುತ್ತದೆ.

ಈಗ ಈಜಿಪ್ಟಿಗೆ ಹೋಗೋಣ. ಕ್ರೈಸ್ತ ಸನ್ಯಾಸ ಒಂದು ರೂಪಕ್ಕೆ ಬಂದದ್ದು ಅಲ್ಲಿನ ಮರಳುಗಾಡಿನಲ್ಲಿ, 3 ಮತ್ತು 4ನೇ ಶತಮಾನಗಳಲ್ಲಿ. ಅಲ್ಲಿ ವರ್ಷಗಟ್ಟಲೆ ಇದ್ದು ಬಂದ ಜಾನ್ ಕಾಸಿಯನ್ ಎಂಬವರು ಈಗಿನ ಫ್ರಾನ್ಸಿನ ಮಾರ್ಸೇ ಪಟ್ಟಣದಲ್ಲಿ ಮಠ ಕಟ್ಟಿದರು. ಸುಮಾರು 420ರ ಹೊತ್ತಿಗೆ ಮಠಜೀವನದ ಕಟ್ಟಳೆಗಳನ್ನು ಬರೆಯಲು ಕುಳಿತಾಗ ಅವರು ಮೊದಲು ಎತ್ತಿಕೊಂಡದ್ದು ಉಡುಪಿನ ವಿಷಯ. ಒಂದೊಂದು ತುಣುಕಿಗೂ ಒಂದೊಂದು ಅರ್ಥ ಕೊಡುತ್ತಾರೆ. ನಡುಕಟ್ಟು ಏಕೆಂದರೆ ಸನ್ಯಾಸಿ ಕ್ರಿಸ್ತನ ಸಿಪಾಯಿ; ಬೈಬಲಿನ ಎಲೀಯನೂ ಸ್ನಾನಿಕ ಯೊವಾನ್ನನೂ ಕಟ್ಟಿದ್ದರಲ್ಲ. ತಲೆಗೆ ಪುಟ್ಟ ಕುಲಾವಿ, ಅದು ಮಕ್ಕಳು ಹಾಕುವಂಥದ್ದು, ಮಗುವಿನ ಮುಗ್ಧತೆ ಮರೆಯದಿರಲಿ ಎಂದು. ತೋಳು ಮೊಣಕೈವರೆಗೆ ಮಾತ್ರ, ಲೋಕದ ವ್ಯವಹಾರ ಕತ್ತರಿಸಿಕೊಂಡದ್ದರ ಗುರುತು. ಮೈಮೇಲೆ ಮೇಕೆಯ ಚರ್ಮ, ಕೈಯಲ್ಲಿ ದಂಡ. ದಂಡ ಏತಕ್ಕೆ? ದುರ್ಗುಣಗಳು ನಾಯಿಯ ಹಾಗೆ ಬೊಗಳುತ್ತಾ ಬರುತ್ತವಲ್ಲ, ಓಡಿಸುವುದಕ್ಕೆ.

ಇಷ್ಟೆಲ್ಲ ಹೇಳಿ ಮುಗಿಸುವ ಹೊತ್ತಿಗೆ ಕಾಸಿಯನ್ ಒಂದು ತಿರುವು ಕೊಡುತ್ತಾರೆ. ನಮ್ಮ ಸೀಮೆಯ ಚಳಿಗೆ ಇದೆಲ್ಲ ನಡೆಯದು, ಬರೀ ಚಪ್ಪಲಿ, ಒಂಟಿ ಅಂಗಿ ಸಾಲದು, ಆ ಪುಟ್ಟ ಕುಲಾವಿ ಮೇಕೆ ಚರ್ಮ ತೊಟ್ಟು ಇಲ್ಲಿ ಓಡಾಡಿದರೆ ನೋಡಿದವರಿಗೆ ಭಕ್ತಿ ಬರುವ ಬದಲು ನಗು ಬರುತ್ತದೆ ಎನ್ನುತ್ತಾರೆ. ನನಗೆ ಈ ಮಾತು ತುಂಬ ಇಷ್ಟ. ಈಜಿಪ್ಟಿನ ರೈತ ಮತ್ತು ಕುರುಬ ತೊಡುತ್ತಿದ್ದದ್ದನ್ನೇ ಈಜಿಪ್ಟಿನ ಸನ್ಯಾಸಿ ತೊಟ್ಟ. ಅದು ಅಲ್ಲಿ ಬಡತನ. ಅದನ್ನೇ ಎತ್ತಿಕೊಂಡು ಬಂದು ಬೇರೆ ಊರಿನಲ್ಲಿ ತೊಟ್ಟರೆ ಅದು ವೇಷ.

ಈ ವೇಷದ ಭಯ ಚರ್ಚಿನ ಒಳಗೂ ಇತ್ತು. 428ರಲ್ಲಿ ಪೋಪ್ ಒಂದನೇ ಸೆಲೆಸ್ಟೀನ್ ಅದೇ ಸೀಮೆಯ, ಅಂದರೆ ಆಗ ಗಾಲ್ ಎನ್ನುತ್ತಿದ್ದ ಫ್ರಾನ್ಸಿನ, ಬಿಷಪ್ಪರಿಗೆ ಒಂದು ಕಾಗದ ಬರೆದು ಗದರಿಸುತ್ತಾರೆ. ಮಠದಿಂದ ಬಂದು ಬಿಷಪ್ಪರಾದ ಕೆಲವರು ನಿಲುವಂಗಿ, ನಡುಕಟ್ಟು ಎಂದು ಬೇರೆಯೇ ಉಡುಪಿನಲ್ಲಿ ತಿರುಗುತ್ತಿದ್ದರಂತೆ. ನಾವು ಜನರಿಂದ ಬೇರೆಯಾಗಿ ಕಾಣಬೇಕಾದ್ದು ಬೋಧನೆಯಿಂದ, ಬಟ್ಟೆಯಿಂದ ಅಲ್ಲ. ನಡತೆಯಿಂದ, ಉಡುಪಿನಿಂದ ಅಲ್ಲ. ಮನಸ್ಸಿನ ಶುದ್ಧಿಯಿಂದ, ಅಲಂಕಾರದಿಂದ ಅಲ್ಲ ಎಂಬುದು ಕಾಗದದ ಸಾರ. ಕಾವಿ ಉಟ್ಟವರೆಲ್ಲ ಸನ್ಯಾಸಿಗಳಲ್ಲ ಎಂದು ನಾವು ಹೇಳುವ ಹಾಗೆ ಲ್ಯಾಟಿನ್‌ನಲ್ಲೂ ಒಂದು ಗಾದೆ ಇದೆ: ಕುಲಾವಿಯಿಂದ ಸನ್ಯಾಸಿ ಆಗುವುದಿಲ್ಲ.

ಮುಂದೆ ಯುರೋಪಿನ ಮಠಗಳಿಗೆಲ್ಲ ತಳಪಾಯ ಹಾಕಿದವರು ಸಂತ ಬೆನೆಡಿಕ್ಟ್. ಇಟಲಿಯ ಮೊಂತೆ ಕಸ್ಸಿನೊ ಬೆಟ್ಟದಲ್ಲಿದ್ದವರು. 6ನೇ ಶತಮಾನದಲ್ಲಿ ಅವರು ಬರೆದ ನಿಯಮಾವಳಿಯಲ್ಲಿ 73 ಅಧ್ಯಾಯಗಳಿವೆ. 55ನೆಯದು ಬಟ್ಟೆ ಮತ್ತು ಪಾದರಕ್ಷೆಗೆ ಮೀಸಲು. ಸಾಂಕೇತಿಕ ಅರ್ಥ ಹುಡುಕಿಕೊಂಡು ಆ ಅಧ್ಯಾಯ ತೆರೆದವರಿಗೆ ನಿರಾಸೆಯಾಗುತ್ತದೆ. ಅದು ಸಂಸಾರಸ್ಥ ಹೆಂಗಸೊಬ್ಬಳು ಬರೆದಿಟ್ಟ ಸಾಮಾನು ಚೀಟಿಯ ಹಾಗಿದೆ. ಹವೆಗೆ ತಕ್ಕ ಬಟ್ಟೆ ಕೊಡಿ, ಚಳಿ ಸೀಮೆಯಲ್ಲಿ ಹೆಚ್ಚು, ಸೆಕೆ ಇದ್ದಲ್ಲಿ ಕಡಿಮೆ. ಒಬ್ಬೊಬ್ಬರಿಗೆ ಒಂದು ಅಂಗಿ, ಒಂದು ಕುಲಾವಿ ಇರುವ ಮೇಲಂಗಿ. ಚಳಿಗಾಲಕ್ಕೆ ದಪ್ಪನೆಯದು, ಬೇಸಿಗೆಗೆ ಸವೆದದ್ದು ಸಾಕು. ರಾತ್ರಿಗೆ ಮತ್ತು ಒಗೆಯುವುದಕ್ಕೆ ಇನ್ನೊಂದು ಜೊತೆ. ಅದಕ್ಕಿಂತ ಹೆಚ್ಚು ಇದ್ದರೆ ಅನಗತ್ಯ, ತೆಗೆದುಬಿಡಿ. ಬಣ್ಣ ಹೇಗಿದೆ, ಬಟ್ಟೆ ಒರಟೋ ನಯವೋ ಎಂದು ಗೊಣಗಬಾರದು. ಆ ಸೀಮೆಯಲ್ಲಿ ಸಿಗುವುದು, ಅಗ್ಗಕ್ಕೆ ಬರುವುದು ಯಾವುದೋ ಅದನ್ನು ಕೊಳ್ಳಿ. ಅಳತೆ ಸರಿ ಇದೆಯೇ, ಗಿಡ್ಡವಾಗಿದೆಯೇ ಎಂದು ಮಠಾಧಿಪತಿಯೇ ನೋಡಬೇಕು. ಹೊಸದು ಬಂದಾಗ ಹಳೆಯದನ್ನು ಹಿಂದಿರುಗಿಸಬೇಕು, ಅದು ಬಡವರಿಗೆ. ಜೊತೆಗೆ ಒಂದು ಚಾಕು, ಲೇಖನಿ, ಸೂಜಿ, ಕರವಸ್ತ್ರ. ಪ್ರಯಾಣ ಹೊರಡುವವರಿಗೆ ಉಗ್ರಾಣದಿಂದ ಒಳಚಡ್ಡಿ ಕೊಡಬೇಕು, ವಾಪಸು ಬಂದ ಮೇಲೆ ಒಗೆದು ಅಲ್ಲಿಗೇ ಒಪ್ಪಿಸಬೇಕು. (ಸಭೆಯಲ್ಲಿ ಇಲ್ಲಿ ನಗು ಎದ್ದಿತು. ನಗಬೇಕಾದ್ದೇ.)

"ಆ ಸೀಮೆಯಲ್ಲಿ ಸಿಗುವುದು, ಅಗ್ಗಕ್ಕೆ ಬರುವುದು." ಈ ಒಂದು ಸಾಲನ್ನು ನೆನಪಿಟ್ಟುಕೊಳ್ಳಿ. ಮುಂದಿನ 1,400 ವರ್ಷಗಳ ಕತೆ ಇದರ ಸುತ್ತಲೇ ತಿರುಗುತ್ತದೆ.

ಬೆನೆಡಿಕ್ಟ್ ಕೊಟ್ಟ ಇನ್ನೊಂದು ತುಣುಕು ಸ್ಕ್ಯಾಪುಲರ್. ಹೆಗಲಿನ ಮೇಲಿಂದ ಮುಂದಕ್ಕೂ ಹಿಂದಕ್ಕೂ ಇಳಿಬಿದ್ದ ಉದ್ದನೆಯ ಪಟ್ಟಿ. ಲ್ಯಾಟಿನ್‌ನಲ್ಲಿ ಸ್ಕ್ಯಾಪುಲಾ ಎಂದರೆ ಹೆಗಲಿನ ಮೂಳೆ. ನಿಯಮದಲ್ಲಿ ಅದಕ್ಕೆ ಇರುವ ವಿವರಣೆ "ಕೆಲಸದ ಹೊತ್ತಿಗೆ" ಎಂದಷ್ಟೇ. ಹೊಲ ಗೇಯುವಾಗ, ಅಡುಗೆ ಮಾಡುವಾಗ ಅಂಗಿ ಕೊಳೆಯಾಗದಿರಲಿ ಎಂದು ಹಾಕಿಕೊಂಡ ಮುಸುರೆಬಟ್ಟೆ ಅದು. ಕಾಲ ಕಳೆದ ಹಾಗೆ ಅದು ಹೆಗಲಿಗೆ ಕೂರುವ ರೀತಿ ನೋಡಿ ಯಾರಿಗೋ "ನನ್ನ ನೊಗ ಹಗುರ" ಎಂಬ ಯೇಸುವಿನ ಮಾತು ನೆನಪಾಯಿತು. ಅಲ್ಲಿಂದ ಅದು ಕ್ರಿಸ್ತನ ನೊಗ. ಸಂತ ಡೊಮಿನಿಕ್ ಕಟ್ಟಿದ ಬಳಗದವರಾದ ಡೊಮಿನಿಕನ್ನರಲ್ಲಿ ಅದನ್ನು ಮಾತೆ ಮರಿಯಮ್ಮನೇ ದರ್ಶನದಲ್ಲಿ ಕೊಟ್ಟಳೆಂಬ ಐತಿಹ್ಯವಿದೆ. ಕೊನೆಗೆ ಅದೇ ಮುಸುರೆಬಟ್ಟೆ ಎರಡು ಪುಟ್ಟ ಚೌಕಗಳಾಗಿ, ದಾರಕ್ಕೆ ಪೋಣಿಸಿಕೊಂಡು, ಸಂಸಾರಸ್ಥರ ಕೊರಳಿಗೂ ಬಂತು. ಕೇರಳದ ಕ್ರೈಸ್ತರ ಕೊರಳಲ್ಲಿ ನೀವು ನೋಡಿರಬಹುದು, ಪೋರ್ಚುಗೀಸರಿಂದ ಬಂದ ಹೆಸರಿನಲ್ಲಿ ವೆಂದಿಂಗ ಎನ್ನುತ್ತಾರೆ. ಅಡುಗೆಮನೆಯಿಂದ ಕೊರಳ ರಕ್ಷೆಯವರೆಗೆ ಬಂದ ಬಟ್ಟೆ ಇನ್ನೊಂದಿದ್ದರೆ ನನಗೆ ಹೇಳಿ.

ಸ್ಕ್ಯಾಪುಲರ್ ಕೆಲಸದ್ದಾದರೆ ಕೌಲ್ ಎಂಬ ಅಗಲ ಮೇಲಂಗಿ ಅದಕ್ಕೆ ಪೂರ್ತಿ ವಿರುದ್ಧ. ಮೂಲದಲ್ಲಿ ಅದು ರೋಮನ್ ಕಾಲದ ರೈತರು, ದಾರಿಹೋಕರು ಹೊದ್ದ ಕುಲಾವಿ ಹೊದಿಕೆ. ಈಗ ಅದರ ತೋಳು ಎಷ್ಟು ಉದ್ದ, ಎಷ್ಟು ಅಗಲ ಎಂದರೆ ತೊಟ್ಟರೆ ಕೈಯಿಂದ ಯಾವ ಕೆಲಸವನ್ನೂ ಮಾಡಲಾಗದು. ಕೆಲಸ ನಿಲ್ಲಿಸಿ ಪ್ರಾರ್ಥನೆಗೆ ನಿಂತಿದ್ದೇನೆ ಎಂದು ಬಟ್ಟೆಯೇ ಹೇಳುತ್ತದೆ. ಕೊನೆಯ ವ್ರತದ ದಿನ ಅದನ್ನು ತೊಡಿಸುತ್ತಾರೆ. ಟ್ರಾಪಿಸ್ಟ್ ಎಂಬ ಕಟ್ಟುನಿಟ್ಟಿನ ಬಳಗದ ಮಠಗಳ ಸಂಪ್ರದಾಯದಲ್ಲಿ ಸನ್ಯಾಸಿ ತೀರಿಕೊಂಡಾಗ ಪೆಟ್ಟಿಗೆ ಇಲ್ಲದೆ ಅದರಲ್ಲೇ ಮಣ್ಣಿಗಿಳಿಸುತ್ತಾರೆ.

ಇಲ್ಲಿ ಒಬ್ಬರು ಕೇಳಿದರು: ಬಣ್ಣಗಳ ವಿಷಯ ಏನು, ಕಪ್ಪು ಎಂದರೆ ಶೋಕ ಅಲ್ಲವೇ?

ಶೋಕ ಹೌದು, ಪಶ್ಚಾತ್ತಾಪ ಹೌದು. ಆದರೆ ಬಣ್ಣಗಾರನನ್ನು ಕೇಳಿ ನೋಡಿ. ಮಧ್ಯಯುಗದಲ್ಲಿ ಕಡುಗಪ್ಪು ಬಣ್ಣ ದುಬಾರಿ. ಮಾಚಿಕಾಯಿ ಗೊತ್ತಲ್ಲ, ಅಜ್ಜಿಯರು ಕೂಸಿಗೆ ತೇದು ನೆಕ್ಕಿಸುತ್ತಿದ್ದದ್ದು? ಅದನ್ನೂ ಕಬ್ಬಿಣದ ಉಪ್ಪನ್ನೂ ಸೇರಿಸಿದರೆ ಕಪ್ಪು ಬರುತ್ತದೆ, ಆದರೆ ಅದು ನೂಲನ್ನು ತಿನ್ನುತ್ತದೆ. ಹಾಗಾಗಿ ಬೆನೆಡಿಕ್ಟರ ಹಾದಿಯ "ಕಪ್ಪು ಸನ್ಯಾಸಿ"ಗಳಲ್ಲಿ ಬಹಳ ಮಂದಿ ನಿಜಕ್ಕೂ ತೊಟ್ಟಿದ್ದು ಕಂದು ಮಿಶ್ರಿತ ಮಾಸಲು ಬಣ್ಣ. 1098ರಲ್ಲಿ ಫ್ರಾನ್ಸಿನ ಸೀತೋ ಎಂಬಲ್ಲಿ ಕೆಲವರು ಮೂಲ ನಿಯಮಕ್ಕೆ ಹಿಂದಿರುಗುತ್ತೇವೆ ಎಂದು ಹೊಸ ಮಠ ಕಟ್ಟಿದರು. ಬಣ್ಣವೇ ಬೇಡ, ಕುರಿಯ ಮೈಮೇಲಿದ್ದ ಹಾಗೇ ಇರಲಿ ಎಂದರು. ನಮ್ಮ ಅಂಗಡಿ ಭಾಷೆಯಲ್ಲಿ ಹೇಳುವುದಾದರೆ ಕೋರಾ ಬಟ್ಟೆ. ಅವರೇ ಸಿಸ್ಟರ್ಶಿಯನ್ನರು, "ಬಿಳಿ ಸನ್ಯಾಸಿಗಳು". ಅವರ ದೊಡ್ಡ ದನಿ ಸಂತ ಬರ್ನಾರ್ಡ್. ಕ್ಲೂನಿ ಮಠದ ಕಪ್ಪು ಸನ್ಯಾಸಿಗಳನ್ನು ಅವರು ತರಾಟೆಗೆ ತೆಗೆದುಕೊಂಡದ್ದನ್ನು ಓದಿದರೆ ನನಗೆ ನಮ್ಮ ಅಂಗಡಿಯ ಮದುವೆ ಗಿರಾಕಿಗಳು ನೆನಪಾಗುತ್ತಾರೆ: ಒಂದು ಮೇಲಂಗಿ ಕೊಳ್ಳಬೇಕಾದರೆ ಊರೂರು ತಿರುಗುತ್ತೀರಿ, ಸಂತೆ ಜಾತ್ರೆ ಸುತ್ತುತ್ತೀರಿ, ವ್ಯಾಪಾರಿಗಳ ಮನೆ ಜಾಲಾಡಿಸಿ ಥಾನುಗಳನ್ನೆಲ್ಲ ಬಿಚ್ಚಿಸುತ್ತೀರಿ ಎಂಬ ಧಾಟಿ ಅದು. ಕ್ಲೂನಿಯ ಮಠಾಧಿಪತಿ ಪೀಟರ್ ತಿರುಗಿ ಬರೆದರು: ಬಿಳಿ ಹಬ್ಬದ ಬಣ್ಣ, ಸಂತೋಷದ ಬಣ್ಣ, ಈ ಕಣ್ಣೀರಿನ ಲೋಕದಲ್ಲಿ ನಿಮಗೇನು ಅಷ್ಟು ಹಬ್ಬ? ಯಾವ ಬಣ್ಣ ಹೆಚ್ಚು ವಿನಯದ್ದು ಎಂಬುದಕ್ಕೆ ಪೈಪೋಟಿ. ವಿನಯಕ್ಕೂ ಪೈಪೋಟಿ ನಡೆಯಬಲ್ಲದು ಎಂಬುದನ್ನು ಮಠಗಳ ಚರಿತ್ರೆ ಓದಿದವರಿಗೆ ಬಿಡಿಸಿ ಹೇಳಬೇಕಿಲ್ಲ, ನಮ್ಮ ಕಡೆಯ ಮಠಗಳೂ ಸೇರಿ.

ಇದರಲ್ಲೊಂದು ತಮಾಷೆ. ಬಣ್ಣ ಹಾಕದ ಉಣ್ಣೆ ತೊಟ್ಟ ಇದೇ ಸಿಸ್ಟರ್ಶಿಯನ್ನರು ಕುರಿ ಸಾಕುವುದರಲ್ಲಿ ಎಷ್ಟು ಪಳಗಿದರೆಂದರೆ, ಇಂಗ್ಲೆಂಡಿನ ಫೌಂಟನ್ಸ್, ರೀವೋ ಮಠಗಳ ಉಣ್ಣೆ ಈಗಿನ ಬೆಲ್ಜಿಯಂ ಕಡೆಯ ಫ್ಲಾಂಡರ್ಸ್‌ಗೂ ಇಟಲಿಗೂ ಹೋಗುತ್ತಿತ್ತು. ಅಲ್ಲಿ ಅದನ್ನು ನೇಯ್ದು, ಬಣ್ಣ ಅದ್ದಿ, ಸಾಹುಕಾರರ ಮೈಗೆ ಹೊಲಿಯುತ್ತಿದ್ದರು.

ಅಂಥ ಒಬ್ಬ ಇಟಲಿಯ ಬಟ್ಟೆ ವ್ಯಾಪಾರಿ ಪಿಯೆತ್ರೊ ಬೆರ್ನಾರ್ದೊನೆ, ಅಸ್ಸಿಸಿ ಊರಿನವರು. ಅವರ ಮಗ ಫ್ರಾನ್ಸಿಸ್. ಜವಳಿಯವರ ಮಕ್ಕಳ ಮೇಲೆ ನನಗೆ ಸ್ವಲ್ಪ ಪಕ್ಷಪಾತ, ಹಾಗಾಗಿ ಇಲ್ಲಿ ನಿಧಾನ ಮಾಡುತ್ತೇನೆ, ಸಹಿಸಿಕೊಳ್ಳಿ. ಈ ಹುಡುಗ ಅಂಗಡಿಯ ಬಟ್ಟೆ ಮಾರಿ ಪಾಳುಬಿದ್ದ ಗುಡಿಯ ದುರಸ್ತಿಗೆಂದು ಹಣ ಕೊಡಲು ಹೋದ. ತಂದೆ ಬಿಷಪ್ಪರ ಮುಂದೆ ದೂರು ತಂದರು. 1206ರ ಸುಮಾರು. ಎಲ್ಲರ ಎದುರಿಗೆ ಫ್ರಾನ್ಸಿಸ್ ಹಣ ಹಿಂದಿರುಗಿಸಿದ್ದಲ್ಲದೆ ಮೈಮೇಲಿದ್ದ ಬಟ್ಟೆಯನ್ನೂ ಬಿಚ್ಚಿ ತಂದೆಯ ಮುಂದಿಟ್ಟ. ಬಿಷಪ್ಪರು ತಮ್ಮ ಮೇಲುಹೊದಿಕೆಯಿಂದ ಆ ಬೆತ್ತಲೆ ಮೈಯನ್ನು ಮುಚ್ಚಿದರು. ಯೋಚಿಸಿ, ಒಳ್ಳೆಯ ಬಟ್ಟೆ ಎಂದರೇನು ಎಂದು ಬೆರಳ ತುದಿಯಿಂದಲೇ ಹೇಳಬಲ್ಲವನಾಗಿ ಬೆಳೆದ ಹುಡುಗ ಆತ. ಆಮೇಲೆ ಆತ ತನಗಾಗಿ ಮಾಡಿಕೊಂಡದ್ದು ಒರಟು ಅಂಗಿ. ತೋಳು ಚಾಚಿದರೆ ಶಿಲುಬೆಯ ಆಕಾರ. ತೊಗಲಿನ ನಡುಪಟ್ಟಿ ಬಿಟ್ಟು ಹಗ್ಗ ಕಟ್ಟಿಕೊಂಡ. ಹಗ್ಗ ಅಂದಿನ ಕೂಲಿಯವನ ನಡುಕಟ್ಟು. ಬಡತನ, ಬ್ರಹ್ಮಚರ್ಯ, ವಿಧೇಯತೆ ಎಂಬ ಮೂರು ಗಂಟುಗಳ ಲೆಕ್ಕ ನಂತರ ನೆಲೆಗೊಂಡಿತು. ಅಸ್ಸಿಸಿಯಲ್ಲಿ ಇವತ್ತಿಗೂ ಅವರ ತೇಪೆ ಹಾಕಿದ ಅಂಗಿ ಇಟ್ಟಿದ್ದಾರೆ. ಬೌದ್ಧ ಭಿಕ್ಷುಗಳ ಚೀವರದ ನಿಯಮ ನಮ್ಮಲ್ಲಿ ಬಲ್ಲವರಿದ್ದೀರಿ. ಬಿಸಾಡಿದ ಚಿಂದಿ ಆಯ್ದು, ಹೊಲಿದು, ತೊಡುವುದು. ಯಾರನ್ನು ಯಾರೂ ನೋಡಿ ಕಲಿತದ್ದಲ್ಲ.

1223ರಲ್ಲಿ ಪೋಪರ ಒಪ್ಪಿಗೆ ಪಡೆದ ಫ್ರಾನ್ಸಿಸ್ಕನ್ ನಿಯಮದಲ್ಲಿ ಉಡುಪಿನ ಭಾಗ ಚಿಕ್ಕದು. ಕುಲಾವಿ ಇರುವ ಒಂದು ಅಂಗಿ, ಬೇಕೆಂದವರಿಗೆ ಕುಲಾವಿ ಇಲ್ಲದ ಇನ್ನೊಂದು. ಬಟ್ಟೆ ಅಗ್ಗದ್ದಿರಲಿ, ಗೋಣಿಯ ತೇಪೆ ಹಾಕಿಕೊಳ್ಳಬಹುದು. ಅದರ ಬೆನ್ನಿಗೇ ಒಂದು ಎಚ್ಚರಿಕೆ: ನಯವಾದ, ಬಣ್ಣದ ಬಟ್ಟೆ ತೊಟ್ಟವರನ್ನು ಕಂಡು ಕೀಳಾಗಿ ಕಾಣಬೇಡಿ, ತೀರ್ಪು ಕೊಡಬೇಡಿ, ನಿಮ್ಮನ್ನು ನೀವೇ ತೂಗಿ ನೋಡಿಕೊಳ್ಳಿ. ಬರ್ನಾರ್ಡರ ಬೈಗುಳ ಓದಿದ ಮೇಲೆ ಈ ಸಾಲು ಓದಿದರೆ ಗಾಳಿಯೇ ಬೇರೆ ಎನಿಸುತ್ತದೆ.

ಆದರೂ ಜಗಳ ತಪ್ಪಲಿಲ್ಲ. ಫ್ರಾನ್ಸಿಸ್ ತೀರಿಕೊಂಡು ನೂರು ವರ್ಷ ತುಂಬುವ ಮೊದಲೇ ಅವರ ಬಳಗ ಒಡೆಯಿತು. ಒಂದು ಗುಂಪು ಗಿಡ್ಡನೆಯ, ಇಕ್ಕಟ್ಟಾದ, ತೇಪೆಯ ಅಂಗಿಯೇ ನಿಜವಾದ ಬಡತನ ಎಂದು ಹಟ ಹಿಡಿಯಿತು. ದವಸ ಕೂಡಿಡುವ ಕಣಜವೂ ಬೇಡ ಎಂದಿತು. 1317ರಲ್ಲಿ ಪೋಪ್ 22ನೇ ಜಾನ್ ಆಜ್ಞೆ ಹೊರಡಿಸಿದರು: ಅಂಗಿ ಎಷ್ಟುದ್ದ, ಬಟ್ಟೆ ಎಂಥದ್ದು ಎಂಬುದನ್ನು ಮೇಲಿನವರು ಹೇಳುತ್ತಾರೆ, ನೀವು ಪಾಲಿಸಿ. ಬಡತನ ದೊಡ್ಡದು, ಆದರೆ ವಿಧೇಯತೆ ಎಲ್ಲಕ್ಕಿಂತ ದೊಡ್ಡದು ಎಂಬುದು ಅವರ ವಾದ. ಬಾಗದೆ ಉಳಿದವರಲ್ಲಿ ನಾಲ್ವರನ್ನು 1318ರ ಮೇ 7ರಂದು ಮಾರ್ಸೇಯಲ್ಲಿ ಸುಟ್ಟರು. ಕಾಸಿಯನ್ ಮಠ ಕಟ್ಟಿದ ಅದೇ ಊರು. ಅಂಗಿಯ ಉದ್ದಕ್ಕೆ ಸತ್ತರು ಎಂದರೆ ಅನ್ಯಾಯವಾದೀತು. ವ್ರತ ಕೊಟ್ಟದ್ದು ಯಾರಿಗೆ, ಅದನ್ನು ಸಡಿಲಿಸುವ ಹಕ್ಕು ಯಾರಿಗೆ ಎಂಬುದು ಅವರ ಪ್ರಶ್ನೆ. ಆದರೆ ಆ ಪ್ರಶ್ನೆ ಅಂಗಿಯ ಅಂಚಿನಲ್ಲಿ ಬಂದು ನಿಂತಿತ್ತು.

ಇದೇ ಬಳಗದ ಇನ್ನೊಂದು ಕವಲು 1520ರ ದಶಕದಲ್ಲಿ, ಫ್ರಾನ್ಸಿಸ್ ತೊಟ್ಟದ್ದು ಚೂಪು ಕುಲಾವಿ ಎಂದು ಹೇಳಿ, ಉದ್ದನೆಯ ಕುಲಾವಿ ಹಾಕಿಕೊಂಡು ಹೊರಟಿತು. ಇಟಾಲಿಯನ್‌ನಲ್ಲಿ ಕುಲಾವಿಗೆ ಕಪ್ಪುಚ್ಚೊ. ಜನ ಅವರನ್ನು ಕಪುಚಿನ್ನರು ಎಂದರು. ಅವರ ಅಂಗಿಯ ಕಂದು ಬಣ್ಣ ಕಂಡು ವಿಯೆನ್ನಾದ ಕಾಫಿ ಅಂಗಡಿಯವರು ಹಾಲು ಬೆರೆಸಿದ ಕಾಫಿಗೆ ಅದೇ ಹೆಸರಿಟ್ಟರು. ಕಾಫಿ ಸೀಮೆಯವನಾದ ನಾನು ಇದನ್ನು ಹೇಳದೆ ಬಿಡುವುದು ಹೇಗೆ? ಇನ್ನು ಮುಂದೆ ಕ್ಯಾಪುಚಿನೋ ಕುಡಿಯುವಾಗ ತೇಪೆ ಅಂಗಿಯ ಆ ಬಳಗವನ್ನು ಒಮ್ಮೆ ನೆನೆಯಿರಿ.

ಡೊಮಿನಿಕನ್ನರ ಬಿಳಿ ಅಂಗಿ, ಕಪ್ಪು ಮೇಲುಹೊದಿಕೆ. ಕಾರ್ಮೆಲ್ ಸಭೆಯವರ ಕಂದು ಅಂಗಿ, ಬಿಳಿ ಹೊದಿಕೆ. ಇವುಗಳ ಮೇಲೆ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಲಂಡನ್ನಿಗೆ ಹೋದವರು ಬ್ಲ್ಯಾಕ್‌ಫ್ರೈಯರ್ಸ್ ಎಂಬ ರೈಲು ನಿಲ್ದಾಣದಲ್ಲಿ ಇಳಿದಿರಬಹುದು, ಆ ಹೆಸರು ಡೊಮಿನಿಕನ್ನರ ಕಪ್ಪು ಹೊದಿಕೆಯದು. ಕಾರ್ಮೆಲ್‌ನವರ ಹೊದಿಕೆ ಮೊದಲು ಪಟ್ಟೆಪಟ್ಟೆಯಾಗಿತ್ತು. ಪಟ್ಟೆ ಬಟ್ಟೆ ಅಂದಿನ ಯುರೋಪಿನಲ್ಲಿ ಮರ್ಯಾದೆಯದ್ದಲ್ಲ, ಪ್ಯಾರಿಸಿನ ಬೀದಿಗಳಲ್ಲಿ ಜನ ಗೇಲಿ ಮಾಡಿದರು. 1287ರಲ್ಲಿ ಬಿಳಿಗೆ ಬದಲಾಯಿಸಿದರು. ನೋಡಿದವರು ನಕ್ಕರೆ ಅರ್ಥ ನಿಲ್ಲುವುದಿಲ್ಲ, ಕಾಸಿಯನ್ ಹೇಳಿದ್ದು ಇದನ್ನೇ.

ಹೆಂಗಸರ ಕಡೆ ಬಂದರೆ ಶಿರವಸ್ತ್ರವೇ ಮುಖ್ಯ. ರೋಮನ್ ಮದುಮಗಳು ತಲೆಗೆ ಮುಸುಕು ಹಾಕುತ್ತಿದ್ದಳು. ಕ್ರಿಸ್ತನಿಗೆ ಮೀಸಲಾದ ಕನ್ಯೆಗೂ 4ನೇ ಶತಮಾನದಲ್ಲಿ ಅದನ್ನೇ ಹಾಕಿದರು. ಮಿಲಾನಿನ ಬಿಷಪ್ ಆಂಬ್ರೋಸರ ಅಕ್ಕ ಮಾರ್ಸೆಲಿನಾ ಕ್ರಿಸ್ಮಸ್ ದಿನ ರೋಮಿನಲ್ಲಿ ಪೋಪ್ ಲಿಬೆರಿಯುಸ್ ಅವರ ಕೈಯಿಂದ ಮುಸುಕು ಪಡೆದರು. ಗಲ್ಲ, ಕೊರಳು ಮುಚ್ಚುವ ಬಿಳಿ ಬಟ್ಟೆ ಮಧ್ಯಯುಗದ ಯುರೋಪಿನ ಗೃಹಿಣಿಯರು, ವಿಧವೆಯರು ಹಾಕುತ್ತಿದ್ದದ್ದು. ಗೃಹಿಣಿಯರು ಬಿಟ್ಟರು, ಸೋದರಿಯರು ಬಿಡಲಿಲ್ಲ. ಸಾಮಾನ್ಯವಾಗಿ ಬಿಳಿ ಮುಸುಕು ಇನ್ನೂ ಕಲಿಯುತ್ತಿರುವ ನವಶಿಷ್ಯೆಯದು, ಕಪ್ಪು ವ್ರತ ತೊಟ್ಟವಳದು. ಸ್ವೀಡನ್ನಿನ ಸಂತ ಬ್ರಿಜಿಟ್ಟರ ಹಾದಿಯ ಬ್ರಿಜಿಟೈನ್ ಸೋದರಿಯರು ಮುಸುಕಿನ ಮೇಲೆ ಬಿಳಿ ಪಟ್ಟಿಯ ಕಿರೀಟ ಇಡುತ್ತಾರೆ, ಅದರಲ್ಲಿ ಐದು ಕೆಂಪು ಚುಕ್ಕೆ, ಕ್ರಿಸ್ತನ ಐದು ಗಾಯಗಳು. ಇದೊಂದು ಮಾತ್ರ ಅರ್ಥವನ್ನೇ ಮೊದಲು ಇಟ್ಟುಕೊಂಡು ಆಮೇಲೆ ಬಟ್ಟೆ ಕತ್ತರಿಸಿದ್ದು ಎಂದು ನನಗನ್ನಿಸುತ್ತದೆ. ನನ್ನ ವಾದಕ್ಕೆ ಇದು ಅಡ್ಡ ಬರುತ್ತದೆ, ಗೊತ್ತು.

ಅಸ್ಸಿಸಿಯ ಕ್ಲಾರಾ ಒಳ್ಳೆಯ ಮನೆತನದ ಹುಡುಗಿ. 1212ರ ಸುಮಾರು, ಈಸ್ಟರಿನ ಹಿಂದಿನ ಗರಿಗಳ ಭಾನುವಾರದ ರಾತ್ರಿ ಮನೆಯಿಂದ ತಪ್ಪಿಸಿಕೊಂಡು ಬಂದಳು. ಫ್ರಾನ್ಸಿಸ್ ಅವಳ ಕೂದಲು ಕತ್ತರಿಸಿ ಒರಟು ಅಂಗಿ ಕೊಟ್ಟರು. ಮನೆಯವರು ಹುಡುಕಿಕೊಂಡು ಬಂದು ಎಳೆದೊಯ್ಯಲು ನೋಡಿದಾಗ ಅವಳು ಒಂದು ಕೈಯಲ್ಲಿ ಬಲಿಪೀಠದ ಬಟ್ಟೆ ಹಿಡಿದುಕೊಂಡು ತಲೆಯ ಮುಸುಕು ಸರಿಸಿ ತೋರಿಸಿದಳು. ಬೋಳಿಸಿದ ತಲೆ. ಅವರು ಕೈಬಿಟ್ಟು ಹೋದರು. ಆ ತಲೆಗಿನ್ನು ಮದುವೆಯ ಮಾತಿಲ್ಲ ಎಂದು ಅವರಿಗೆ ಯಾರೂ ವಿವರಿಸಬೇಕಾಗಿರಲಿಲ್ಲ.

ಮುಂದೆ ಉಡುಪು ತೊಡಿಸುವ ದಿನ ಮದುವೆಯ ದಿನದಂತೆಯೇ ನಡೆಯತೊಡಗಿತು. ಫ್ರಾನ್ಸಿನ ಲಿಸ್ಯೂ ಊರಿನ ತೆರೇಸಾ 1889ರ ಜನವರಿ 10ರಂದು, ಆಗಷ್ಟೇ 16 ತುಂಬಿದವಳು, ಬಿಳಿ ವೆಲ್ವೆಟ್ಟಿನ ಮದುವಣಗಿತ್ತಿ ಉಡುಪಿನಲ್ಲಿ ತಂದೆಯ ತೋಳು ಹಿಡಿದು ಬಂದಳು. ಅದನ್ನು ಕಳಚಿ ಕಾರ್ಮೆಲ್ ಸಭೆಯ ಒರಟು ಕಂದು ಅಂಗಿ ತೊಟ್ಟಳು. ಆ ದಿನ ಹಿಮ ಬೀಳಲಿ ಎಂದು ಅವಳಿಗೆ ಆಸೆಯಿತ್ತು, ಬಿತ್ತು ಕೂಡ.

ಅದೇ ಕಾರ್ಮೆಲ್ ಸಭೆಯ ಸೋದರಿಯರು ಅದಕ್ಕೂ 19 ವರ್ಷ ಮೊದಲೇ, 1870ರಲ್ಲಿ, ನಮ್ಮ ಮಂಗಳೂರಿಗೆ ಬಂದಿದ್ದರು. ಫ್ರಾನ್ಸಿನಿಂದ ಹೊರಟ ತಂಡದಲ್ಲಿ ಕೆಲವರು ದಾರಿಯಲ್ಲೇ ತೀರಿಕೊಂಡರು. ಬಂದವರಲ್ಲಿ ಒಬ್ಬರು ಗಲಿಲಾಯ ಸೀಮೆಯ ಅರಬ್ ಹೆಣ್ಣುಮಗಳು ಮರಿಯಂ ಬವಾರ್ದಿ. 1871ರ ನವೆಂಬರ್ 21ರಂದು ಮಂಗಳೂರಿನಲ್ಲೇ ವ್ರತ ಸ್ವೀಕರಿಸಿದರು. ಮರು ವರ್ಷ ಫ್ರಾನ್ಸಿಗೆ ಹಿಂದಿರುಗಿದರು. 2015ರಲ್ಲಿ ಅವರಿಗೆ ಸಂತ ಪದವಿ ಸಿಕ್ಕಿತು. ಯುರೋಪಿನ ಚಳಿಗೆ ಕತ್ತರಿಸಿದ ಆ ಕಂದು ಅಂಗಿ, ಬಿಳಿ ಹೊದಿಕೆಯಲ್ಲಿ ಕರಾವಳಿಯ ಬೇಸಿಗೆ ಹೇಗೆ ಕಳೆದರೋ. ಹವೆಗೆ ತಕ್ಕ ಬಟ್ಟೆ ಎಂದ ಬೆನೆಡಿಕ್ಟರ ಮಾತು ಅಲ್ಲಿ ಯಾರಿಗೂ ನೆನಪಾಗಿರಲಿಕ್ಕಿಲ್ಲ.

ಸಂಕಟ ಶುರುವಾಗುವುದೇ ಇಲ್ಲಿ. ಒಂದು ಕಾಲದ ಬಡವರ ಬಟ್ಟೆಯನ್ನು ಹಾಗೇ ಹಿಡಿದುಕೊಂಡರೆ, ಬಡವರು ಬಟ್ಟೆ ಬದಲಾಯಿಸಿಕೊಂಡು ಮುಂದೆ ಹೋಗುತ್ತಾರೆ, ನೀವು ಅಲ್ಲೇ ನಿಂತಿರುತ್ತೀರಿ. 1633ರಲ್ಲಿ ಪ್ಯಾರಿಸಿನಲ್ಲಿ ವಿನ್ಸೆಂಟ್ ದ ಪೌಲ್ ಮತ್ತು ಲೂಯಿಸ್ ದ ಮಾರಿಯಾಕ್ ಬಡ ರೋಗಿಗಳ ಸೇವೆಗೆಂದು ಹಳ್ಳಿ ಹುಡುಗಿಯರ ಒಂದು ಬಳಗ ಕಟ್ಟಿದರು. ಅವರು ಮಠದ ಗೋಡೆಯೊಳಗಿನವರಾಗುವುದು ವಿನ್ಸೆಂಟರಿಗೆ ಬೇಡವಾಗಿತ್ತು. ರೋಗಿಯ ಮನೆಯೇ ನಿಮ್ಮ ಮಠ, ಊರ ಬೀದಿಯೇ ನಿಮ್ಮ ಪ್ರಾಕಾರ, ಮರ್ಯಾದೆಯೇ ನಿಮ್ಮ ಮುಸುಕು ಎಂದರು. ಹುಡುಗಿಯರು ತಮ್ಮ ಹಳ್ಳಿಯ ಉಡುಪಿನಲ್ಲೇ ಉಳಿದರು. ಅವರ ತಲೆಯ ಬಿಳಿ ಬಟ್ಟೆ ಮುಂದಿನ ತಲೆಮಾರುಗಳಲ್ಲಿ ಗಂಜಿ ಕುಡಿದು ಕುಡಿದು, ಅಗಲವಾಗಿ, ಕೊಕ್ಕರೆಯ ರೆಕ್ಕೆಯ ಹಾಗೆ ಎರಡೂ ಕಡೆ ಚಾಚಿಕೊಂಡಿತು. ಯಾರ ಕಣ್ಣಿಗೂ ಬೀಳದಿರಲೆಂದು ತೊಟ್ಟದ್ದು ಮೈಲಿ ದೂರಕ್ಕೆ ಕಾಣುವಂತಾಯಿತು. 1964ರ ಸೆಪ್ಟೆಂಬರ್ 20ರಂದು ಅದನ್ನು ತೆಗೆದಿಟ್ಟರು. ಮರು ವರ್ಷ, 1965ರ ಅಕ್ಟೋಬರ್ 28ರಂದು, ಕ್ಯಾಥೋಲಿಕ್ ಬಿಷಪ್ಪರೆಲ್ಲ ರೋಮಿನಲ್ಲಿ ಕೂಡಿದ ಎರಡನೇ ವ್ಯಾಟಿಕನ್ ಮಹಾಸಭೆಯ ಆಜ್ಞಾಪತ್ರ ಹೊರಬಿತ್ತು: ಉಡುಪು ಸರಳವಾಗಿರಲಿ, ಬಡತನಕ್ಕೆ ಒಪ್ಪಲಿ, ಆರೋಗ್ಯಕ್ಕೂ ಕಾಲಕ್ಕೂ ದೇಶಕ್ಕೂ ಮಾಡುವ ಕೆಲಸಕ್ಕೂ ಹೊಂದಲಿ, ಹೊಂದದ್ದನ್ನು ಬದಲಾಯಿಸಲೇಬೇಕು. 55ನೇ ಅಧ್ಯಾಯವೇ ಮತ್ತೆ ಬಂದಂತಿತ್ತು.

ಭಾರತದಲ್ಲಿ ಅದಕ್ಕೆ ಉತ್ತರ ಬಹುಮಟ್ಟಿಗೆ ಸೀರೆ. ಮಹಾಸಭೆಗಿಂತ ಮೊದಲೇ, 1948ರ ಆಗಸ್ಟ್ 17ರಂದು, ಕಲ್ಕತ್ತದ ಲೊರೆಟೊ ಮಠದ ಸೋದರಿಯೊಬ್ಬರು ಕಪ್ಪು ಉಡುಪು ಬಿಟ್ಟು ನೀಲಿ ಅಂಚಿನ ಅಗ್ಗದ ಬಿಳಿ ಸೀರೆಯಲ್ಲಿ ಹೊರಗೆ ಬಂದರು. ಅವರು ಮದರ್ ತೆರೇಸಾ. ನೀಲಿ ಮಾತೆ ಮರಿಯಳ ಬಣ್ಣ ಎನ್ನುತ್ತಾರೆ. ಅರ್ಥ ಹೊಲಿಯುವ ಕೆಲಸ ನಮ್ಮ ಕಾಲದಲ್ಲೂ ನಿಂತಿಲ್ಲ. ಆ ಸೀರೆಗಳನ್ನು ಕಲ್ಕತ್ತದ ಹತ್ತಿರದ ಟಿಟಾಗಢದ ಕೇಂದ್ರದಲ್ಲಿ ಕುಷ್ಠರೋಗದಿಂದ ಗುಣವಾದವರು ನೇಯುತ್ತಾರೆ. ಒಬ್ಬೊಬ್ಬರಿಗೆ ಮೂರು ಸೀರೆ. ಬೆನೆಡಿಕ್ಟರ ಲೆಕ್ಕಕ್ಕಿಂತ ಒಂದು ಹೆಚ್ಚು, ಬಂಗಾಳದ ಮಳೆಗಾಲಕ್ಕೆ ಅದು ಕ್ಷಮ್ಯ. 2016ರಲ್ಲಿ ಆ ನೀಲಿ ಅಂಚು ಟ್ರೇಡ್‌ಮಾರ್ಕ್ ಆಗಿ ನೋಂದಣಿಯಾಯಿತು. ಬೇರೆಯವರು ದುರುಪಯೋಗ ಮಾಡಬಾರದೆಂಬುದು ಕಾರಣ, ಒಪ್ಪೋಣ. ಆದರೂ ಬಡವರ ಸೀರೆಯ ಅಂಚು ಟ್ರೇಡ್‌ಮಾರ್ಕ್ ಆದದ್ದನ್ನು ಕಂಡರೆ ಅಪ್ಪ ಏನೆನ್ನುತ್ತಿದ್ದರೋ.

ಗಂಡಸರ ವಿಷಯದಲ್ಲಿ ಪ್ರಶ್ನೆ ಇನ್ನೂ ಸೂಕ್ಷ್ಮ, ಏಕೆಂದರೆ ಇಲ್ಲಿ ಸನ್ಯಾಸಿಗೆ ಒಂದು ಬಣ್ಣ ಮೊದಲೇ ಇತ್ತು. 1606ರಲ್ಲಿ ಮಧುರೈಗೆ ಬಂದ ಜೆಸ್ವಿಟ್ (ಯೇಸುಸಭೆಯ) ಪಾದ್ರಿ ರಾಬರ್ಟೊ ದೆ ನೊಬಿಲಿ ಕಾವಿ ತೊಟ್ಟರು. ಜೆಸ್ವಿಟರಿಗೆ ತಮ್ಮದೇ ಆದ ಉಡುಪಿಲ್ಲ, ಆಯಾ ಸೀಮೆಯ ರೂಢಿಯಂತೆ ಇರಿ ಎಂಬುದೇ ಅವರ ನಿಯಮ. ಆದರೂ ಗಲಾಟೆ ಎದ್ದು, 1623ರಲ್ಲಿ ಪೋಪರೇ ತೀರ್ಮಾನ ಹೇಳಬೇಕಾಯಿತು, ದೆ ನೊಬಿಲಿಯ ಪರವಾಗಿ. ಹತ್ತಿರದ ಕಾಲಕ್ಕೆ ಬಂದರೆ, ಇಂಗ್ಲೆಂಡಿನ ಬೆನೆಡಿಕ್ಟಿನ್ ಸನ್ಯಾಸಿ ಬೀಡ್ ಗ್ರಿಫಿತ್ಸ್ 1955ರಲ್ಲಿ ಬಂದು ನೆಲೆ ನಿಂತದ್ದು ಬೆಂಗಳೂರಿನ ಪಕ್ಕದ ಕೆಂಗೇರಿಯಲ್ಲಿ. 1958ರಲ್ಲಿ ಅವರೂ ಬೆಲ್ಜಿಯಮ್ಮಿನ ಸಿಸ್ಟರ್ಶಿಯನ್ ಫ್ರಾನ್ಸಿಸ್ ಆಚಾರ್ಯರೂ ಸೇರಿ ಕೇರಳದಲ್ಲಿ ಕುರಿಶುಮಲ ಆಶ್ರಮ ಕಟ್ಟಿ ಕಾವಿ ಉಟ್ಟರು. ಇದು ನಮ್ಮತನ ಬಿಟ್ಟದ್ದು ಎಂದು ಕೆಲವು ಕ್ರೈಸ್ತರು, ಇದು ನಮ್ಮದನ್ನು ಕದ್ದದ್ದು ಎಂದು ಕೆಲವು ಹಿಂದೂಗಳು ಮುನಿದರು. ನನ್ನ ಅಭಿಪ್ರಾಯ ಕೇಳಿದರೆ, ಕಾವಿ ಮಣ್ಣಿನಲ್ಲಿ ಅದ್ದಿದ ಹತ್ತಿ ಬಟ್ಟೆಗಿಂತ ಈ ಸೀಮೆಯಲ್ಲಿ ಅಗ್ಗವಾದದ್ದು, ತೊಟ್ಟವನು ಏನನ್ನು ಬಿಟ್ಟು ಬಂದಿದ್ದಾನೆಂದು ಅಷ್ಟು ನೇರವಾಗಿ ಹೇಳುವುದು ಬೇರೊಂದಿಲ್ಲ. ಮುನಿದವರ ಅನುಮಾನಕ್ಕೂ ಚರಿತ್ರೆಯಲ್ಲಿ ಕಾರಣಗಳಿದ್ದವು ಎಂಬುದನ್ನೂ ಒಪ್ಪುತ್ತೇನೆ.

ಕೊನೆಗೆ ಒಬ್ಬ ತಾಯಿ ಕೇಳಿದರು: ತೊಟ್ಟದ್ದನ್ನು ಬಿಡಬೇಕೆಂದರೆ ಏನು ಮಾಡುತ್ತಾರೆ?

ಬೆನೆಡಿಕ್ಟ್ ಅದನ್ನೂ ಬರೆದಿದ್ದಾರೆ, 58ನೇ ಅಧ್ಯಾಯದಲ್ಲಿ. ವ್ರತ ತೊಟ್ಟ ದಿನ ಪ್ರಾರ್ಥನಾಮಂದಿರದಲ್ಲೇ ಅವನ ಸ್ವಂತ ಬಟ್ಟೆ ಕಳಚಿ ಮಠದ ಬಟ್ಟೆ ತೊಡಿಸಬೇಕು. ಹಳೆಯ ಮನುಷ್ಯನನ್ನು ಕಳಚಿ ಹೊಸ ಮನುಷ್ಯನನ್ನು ಧರಿಸಿಕೊಳ್ಳಿ ಎಂದು ಸಂತ ಪೌಲರು ಬರೆದದ್ದು ಅಲ್ಲಿ ಅಕ್ಷರಶಃ ನಡೆಯುತ್ತದೆ. ಎಷ್ಟೋ ಸಭೆಗಳಲ್ಲಿ ಉಡುಪಿನ ಜೊತೆ ಹೆಸರೂ ಹೊಸದಾಗುತ್ತಿತ್ತು. ಆದರೆ ಕಳಚಿದ ಬಟ್ಟೆಯನ್ನು ಎಸೆಯಬಾರದು, ಉಗ್ರಾಣದಲ್ಲಿ ಜೋಪಾನ ಮಾಡಿಡಬೇಕು. ಸೈತಾನನ ಮಾತು ಕೇಳಿ ಅವನೇನಾದರೂ ಹೊರಟು ನಿಂತರೆ ಮಠದ್ದನ್ನು ಬಿಚ್ಚಿಸಿಕೊಂಡು ಕಳಿಸುವುದಕ್ಕೆ. ಮಾತು ಕಟುವಾಗಿದೆ. ಆದರೆ ಒಬ್ಬ ಮನುಷ್ಯ ಮುದುಕನಾಗುವವರೆಗೂ ಅವನ ಹಳೆಯ ಅಂಗಿ ಅದೇ ಕಟ್ಟಡದ ಯಾವುದೋ ಮರದ ಪೆಟ್ಟಿಗೆಯಲ್ಲಿ ಮಡಿಸಿಟ್ಟೇ ಇರುತ್ತಿತ್ತು ಎಂಬುದನ್ನು ಯೋಚಿಸುತ್ತೇನೆ.

ನಾನು ಪಿಯುಸಿ ಓದುತ್ತಿದ್ದಾಗ ಒಂದು ಸಂಜೆ ಸಿಸ್ಟರ್ ಒಬ್ಬರು ಅಂಗಡಿಗೆ ಒಬ್ಬರೇ ಬಂದರು. ಮಳೆಗಾಲದ ಮುಂಚಿನ ಖರೀದಿಯ ದಿನ ಅದಲ್ಲ. ಅಪ್ಪ ಅಭ್ಯಾಸದಂತೆ ಬಿಳಿ ಥಾನಿಗೆ ಕೈ ಹಾಕಿದರು. "ಅದಲ್ಲ, ಒಂದು ಸೀರೆ ಬೇಕಿತ್ತು, ಬಣ್ಣದ್ದು" ಅಂದರು. ಅಪ್ಪ ಒಂದು ಮಾತೂ ಕೇಳದೆ ಸೀರೆಗಳನ್ನು ಇಳಿಸಿ ಹಾಸುತ್ತಾ ಹೋದರು. ಅವರು ಒಂದೊಂದನ್ನೂ ಮುಟ್ಟಿ ನೋಡಿದರು, ಯಾವುದೆಂದು ಹೇಳಲಾಗಲಿಲ್ಲ. ಅರ್ಧ ಗಂಟೆಯ ಮೇಲಾಯಿತು. ಕೊನೆಗೆ ಅಪ್ಪನೇ ಎಲೆಹಸಿರಿನದೊಂದನ್ನು ತೆಗೆದು ಮುಂದಿಟ್ಟರು. ಅವರು ತಲೆಯಾಡಿಸಿದರು. ಬಿಲ್ಲಿನ ಪುಸ್ತಕ ಎಳೆದುಕೊಂಡು ಹೆಸರಿನ ಜಾಗಕ್ಕೆ ಬಂದಾಗ ಅಪ್ಪನ ಪೆನ್ನು ನಿಂತಿತು.

"ಏನಂತ ಬರೀಲಮ್ಮಾ?" ಅಂದರು.